ಉಕ್ಕೇಶ, ತೂಫಾನಿ ಮತ್ತು ಒಂದು ತಟ್ಟೆ ಸಕ್ಕರೆ

೧

ಈ ಕಥೆಯನ್ನು ಜಗಳದಿಂದ ಶುರು ಮಾಡಬೇಕೋ, ಉಪ್ಪಿಟ್ಟಿನಿಂದಲೋ? ಜಗಳದಿಂದ ಶುರು ಮಾಡಿದರೆ ನೀವು ಕೂತು ಓದುತ್ತೀರಿ, ಆದರೆ ಯಾರು ಯಾರ ಮೇಲೆ ಕೂಗುತ್ತಿದ್ದಾರೆ ಅನ್ನುವುದು ತಿಳಿಯುವುದಿಲ್ಲ. ಉಪ್ಪಿಟ್ಟಿನಿಂದ ಶುರು ಮಾಡಿದರೆ ಎಲ್ಲ ತಿಳಿಯುತ್ತದೆ, ಆದರೆ ಅಷ್ಟರಲ್ಲಿ ನೀವು ಫೋನ್ ಕೈಗೆತ್ತಿಕೊಂಡಿರುತ್ತೀರಿ.

(ಮೊದಲ ಡ್ರಾಫ್ಟ್ ಹೀಗಿತ್ತು: "ಹಿರೇಕೆರೂರಿನ ಆಕಾಶ ಅಂದು ಗೋವಿನಜೋಳದ ಬಣ್ಣಕ್ಕೆ ತಿರುಗಿತ್ತು." ಆಕಾಶ ಯಾವತ್ತೂ ಆ ಬಣ್ಣಕ್ಕೆ ತಿರುಗುವುದಿಲ್ಲ. ಹರಿದು ಹಾಕಿದೆ.)

ಉಪ್ಪಿಟ್ಟೇ ಇರಲಿ.

೨

ಹಿರೇಕೆರೂರಿನ ಉಳವಪ್ಪನ ಮನೆ. ಭಾನುವಾರ. ಮಗಳು ವಾಣಿಶ್ರೀಯನ್ನು ನೋಡಲು ಹಾನಗಲ್ಲಿನಿಂದ ಗಂಡಿನ ಕಡೆಯವರು ಬಂದಿದ್ದಾರೆ. ಗಂಡು ಪ್ರಶಾಂತ, ಹಾನಗಲ್–ಶಿಗ್ಗಾಂವಿ–ಸವಣೂರು ಬಸ್ಸಿನ ಕಂಡಕ್ಟರ್. ಜೊತೆಗೆ ಅವನ ಅಕ್ಕ ನೀಲಾಂಬಿಕಾ. ಸಂಬಂಧ ಕುದುರಿಸಲು ಓಡಾಡುತ್ತಿರುವವನು ಸವಣೂರಿನ ವೀಳ್ಯದೆಲೆ ವ್ಯಾಪಾರಿ ಗುದ್ಲೆಪ್ಪ. ಅವನು ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡಿದ್ದಾನೆ.

ಹಾಸ್ಟೆಲ್ ಲೈಬ್ರರಿಯಲ್ಲಿ ನಾನು ಓದಿದ ಕಥೆಗಳಲ್ಲಿ ಹೆಣ್ಣು ನೋಡುವಾಗ ಹುಡುಗಿ ಹೆಬ್ಬೆರಳಿನಿಂದ ನೆಲ ಗೀರುತ್ತಾಳೆ. ವಾಣಿಶ್ರೀ ಚಪ್ಪಲಿ ಹಾಕಿಕೊಂಡಿದ್ದಳು. ಅವಳು ಪಕ್ಕದ ಹಳ್ಳಿಯ ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುತ್ತಾಳೆ. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಶಾಲೆಯ ಮಕ್ಕಳು, ಮಕ್ಕಳು ಓದುವುದು ಕಾಮಿಕ್ಸು, ಓದಿದ ಮೇಲೆ ಮಾಡುವುದು ಜಗಳ. ಯಾವ ಹೀರೋ ಯಾವ ಹೀರೋನನ್ನು ಹೊಡೆಯುತ್ತಾನೆ ಅನ್ನುವುದರಲ್ಲಿ ಅವಳಿಗಿಂತ ತಿಳಿದವರು ತಾಲೂಕಿನಲ್ಲಿ ಇರಲಿಕ್ಕಿಲ್ಲ. ಬಯೋಡಾಟಾದಲ್ಲಿ ಇದನ್ನು ಯಾರೂ ಬರೆದಿರಲಿಲ್ಲ.

ಈ ಮನೆಯಲ್ಲಿ ಹುಡುಗಿಯನ್ನು "ಒಪ್ಪಿಗಿ ಐತೇನ?" ಎಂದು ಬಾಯಿಬಿಟ್ಟು ಕೇಳುವುದಿಲ್ಲ. ತಾಯಿ ಹೊನ್ನವ್ವ ಒಂದು ತಟ್ಟೆಯಲ್ಲಿ ಸಕ್ಕರೆ ಹಾಕಿ ಅಡುಗೆಮನೆಯ ಗೂಡಿನಲ್ಲಿ ಇಡುತ್ತಾಳೆ. ಹುಡುಗಿ ಅದನ್ನು ತಂದು ಪಡಸಾಲೆಯಲ್ಲಿ ಕೂತವರಿಗೆ ಕೊಟ್ಟರೆ ಹೂಂ. ತಟ್ಟೆ ಗೂಡಿನಲ್ಲೇ ಉಳಿದರೆ ಊಹೂಂ. ಇರುವೆಗಳ ಕಾಟ ಬಿಟ್ಟರೆ ಒಳ್ಳೆಯ ಪದ್ಧತಿ. ವಾಣಿಶ್ರೀ ಇದುವರೆಗೆ ಎರಡು ಸಲ ತಟ್ಟೆ ಮುಟ್ಟಿಲ್ಲ.

"ಕಾಲ ಬದಲಾಗೈತಿ," ಎಂದ ಗುದ್ಲೆಪ್ಪ, ಕೈ ಒರೆಸಿಕೊಳ್ಳುತ್ತ. "ಹುಡುಗ ಹುಡುಗಿ ಹಿತ್ತಲದಾಗ ಹೋಗಿ ಎರಡ ಮಾತ ಆಡಿ ಬರ್ರಿ."

೩

ವಾಣಿಶ್ರೀಗೆ ಒಂದೇ ಹೆದರಿಕೆಯಿತ್ತು. ಅದರ ಹೆಸರು ಭಾವ.

ಅವಳ ಅಕ್ಕ ಮಂಜವ್ವನನ್ನು ನೋಡಲು ಬಂದಾಗ ಭಾವ ಎಲ್ಲದಕ್ಕೂ "ನಿಮ್ಮ ಇಷ್ಟನ ನನ್ನ ಇಷ್ಟ" ಅಂದಿದ್ದ. ಕೆಲಸಕ್ಕೆ ಹೋಗಲೇ? ನಿಮ್ಮಿಷ್ಟ. ಬೇರೆ ಮನೆ ಮಾಡೋಣವೇ? ನಿಮ್ಮಿಷ್ಟ. ಮದುವೆಯ ಮರುವಾರ ಮಂಜವ್ವನ ಫೋನಿನ ಪಾಸ್‌ವರ್ಡ್ ಬದಲಾಯಿತು, ಬದಲಿಸಿದವನು ಭಾವ. ಈಗ ತವರಿಗೆ ಬಂದರೆ ಟೀವಿಯ ರಿಮೋಟು ಹಿಡಿಯಲೂ ಮಂಜವ್ವ ಯಾರ ಮುಖವನ್ನೋ ಹುಡುಕುತ್ತಾಳೆ. ಮದುವೆಗೆ ಮುಂಚೆ ಬೇಕೆಂದೇ ಸೋತವನು ಆಮೇಲೆ ಬಡ್ಡಿ ಸಮೇತ ಗೆಲ್ಲುತ್ತಾನೆ ಅನ್ನುವುದು ವಾಣಿಶ್ರೀ ಕಲಿತ ಪಾಠ.

ಅದಕ್ಕೇ ಅವಳು ಬಂದವರಿಗೆಲ್ಲ ಒಂದೇ ಪ್ರಶ್ನೆ ಕೇಳುತ್ತಾಳೆ: ಉಕ್ಕೇಶ, ತೂಫಾನಿ ಹೊಡೆದಾಡಿದರೆ ಗೆಲ್ಲುವವರು ಯಾರು? ಅವರು ಏನೇ ಹೇಳಿದರೂ ಇವಳು ಅದರ ಎದುರು ನಿಲ್ಲುತ್ತಾಳೆ. ಮೊದಲು ಬಂದವನು "ಉಕ್ಕೇಶ" ಅಂದು, ಇವಳ ಮುಖ ನೋಡಿ, "ಅಲ್ಲಲ್ಲ, ತೂಫಾನಿ" ಅಂದ. ಎರಡನೆಯವನು "ನೀವು ಹೇಳಿದವರು" ಅಂದ, ಇವಳು ಇನ್ನೂ ಹೇಳಿರಲೇ ಇಲ್ಲ.

(ನಿಜಕ್ಕೂ ಅವಳು ಕೇಳುತ್ತಿದ್ದದ್ದು ನಿಮಗೆಲ್ಲ ಗೊತ್ತಿರುವ ಇಬ್ಬರು ಹೀರೋಗಳ ಬಗ್ಗೆ. ಆ ಹೆಸರು ಹಾಕಿದರೆ ಕಂಪನಿಯ ವಕೀಲರು ನನ್ನ ಅಡ್ರೆಸ್ ಹುಡುಕುತ್ತಾರೆ. ಹೊಸ ಇಬ್ಬರನ್ನು ನಾನೇ ಮಾಡಿದೆ. ಕಷ್ಟದ ಕೆಲಸವೇನಲ್ಲ: ಒಂದು ಶಕ್ತಿ, ಒಂದು ದೌರ್ಬಲ್ಯ, ಒಂದು ಬಿಗಿಯಾದ ಚಡ್ಡಿ. ಉಕ್ಕೇಶನ ಮೈಯೆಲ್ಲ ಉಕ್ಕು, ಗುಡ್ಡ ಬಿದ್ದರೂ ಏಳುತ್ತಾನೆ, ಆದರೆ ಹಾರಲು ಬಾರದು. ತೂಫಾನಿ ಗಾಳಿಯನ್ನು ಆಳುತ್ತಾನೆ, ಆದರೆ ಉಸಿರು ಬಿಗಿ ಹಿಡಿದಷ್ಟು ಹೊತ್ತು ಮಾತ್ರ.)

೫

ನಾಲ್ಕನೇ ಭಾಗದಲ್ಲಿ ಪ್ರಶಾಂತನ ಬಾಲ್ಯವಿತ್ತು. ಯಾರಿಗೂ ಬೇಕಾಗಿರಲಿಲ್ಲ.

ಹಿತ್ತಲಿನಲ್ಲಿ ನುಗ್ಗೆ ಮರ, ಬಚ್ಚಲ ಕಟ್ಟೆ, ಕಟ್ಟೆಯ ಮೇಲೆ ನೀರು ತುಂಬಿದ ಒಂದು ಸ್ಟೀಲ್ ಚರಿಗೆ.

"ಕಾಮಿಕ್ಸ್ ಓದ್ತೀರೇನ್ರಿ?" ವಾಣಿಶ್ರೀ ಕೇಳಿದಳು.

"ಸಾಲಿ ಹುಡುಗ್ರು ಬಸ್ಸಿನ್ಯಾಗ ಬಿಟ್ಟ ಹೋಗ್ತಾರ್ರಿ. ಅವನ್ನ ಓದ್ತೇನಿ. ಭಾಳ ಸಲ ಕಡೀ ಪುಟ ಇರೂದಿಲ್ಲ."

"ಮತ್ತ ಯಾರು ಗೆದ್ರು ಅಂತ ಹೆಂಗ ಗೊತ್ತಾಗ್ತೈತಿ?"

"ಗೊತ್ತಾಗೂದಿಲ್ಲ. ಅದಕ್ಕ ಜಗಳಾಡಾಕ ಬರ್ತೈತಿ."

ಅವಳಿಗೆ ನಗು ಬಂತು. ನುಂಗಿಕೊಂಡಳು. "ಉಕ್ಕೇಶ, ತೂಫಾನಿ?"

"ಉಕ್ಕೇಶ."

"ನನಗ ತೂಫಾನಿ ಅನ್ನಿಸ್ತೈತಿ."

"ಅನ್ನಿಸಬಹುದ್ರಿ. ಆದ್ರ ತಪ್ಪು."

ವಾಣಿಶ್ರೀ ಅವನನ್ನು ಅವತ್ತು ಮೊದಲ ಸಲ ಸರಿಯಾಗಿ ನೋಡಿದಳು. ಟಿಕೆಟಿನ ಬಣ್ಣ ಹತ್ತಿದ ಬೆರಳು, ಬಸ್ಸಿನಲ್ಲಿ ಕೂಗಿ ಕೂಗಿ ಒಡೆದ ದನಿ.

"ತಪ್ಪು ಹೆಂಗ?"

"ಗಾಳಿ ಎಷ್ಟರ ಬೀಸಲಿ, ಉಕ್ಕು ಹಾರತೈತೇನ್ರಿ?"

"ಹಾರಸೂದು ಯಾಕ? ಮಳಿ ತಂದ್ರ ಸಾಕು. ತುಕ್ಕು ಹಿಡೀತೈತಿ."

"ಏ, ತಗಡಲ್ರಿ ಅಂವ! ಸ್ಟೀಲು! ಈ ಚರಗಿ ದಿನಾ ನೀರಾಗ ಇರ್ತೈತಿ, ತುಕ್ಕು ಎಲ್ಲೈತಿ ತೋರಸ್ರಿ!"

"ನಿಮ್ಮ ಬಸ್ಸು ಹತ್ತೂ ಪಾವಟಗಿ? ಅದಕ್ಕ ತುಕ್ಕಿಲ್ಲೇನ?"

ಪ್ರಶಾಂತ ಒಂದು ಬೆರಳು ಮಡಚಿದ. "ಪಾವಟಗಿ ಪಾಯಿಂಟು ನಿಮ್ದ," ಎಂದ. "ಫೈಟ್ ನಂದ!"

"ಪಾಯಿಂಟ್ ಕೊಟ್ಟು ಫೈಟ್ ಹೆಂಗ ಇಟ್ಕೊಂತೀರಿ?"

"ಯಾಕಂದ್ರ ನಿಮ್ಮ ತೂಫಾನಿ ಉಸರ ಬಿಗಿ ಹಿಡದಾನ! ಎಷ್ಟೊತ್ತ ಹಿಡದಾನು? ಉಕ್ಕೇಶ ಸುಮ್ನ ನಿಂತ್ರ ಸಾಕು, ಅಂವ ತಾನ ಬೀಳತಾನ!"

"ಸುಮ್ನ ನಿಂತ್ರ ಅದೆಂಥಾ ಹೀರೋ ರೀ? ಅದು ಕಂಬ!"

"ಕಂಬಾನ ಗೆಲ್ಲೂದ್ರಿ! ಕಂಬಕ್ಕ ಬಡದು ಎಷ್ಟ ಗಾಡಿ ನುಗ್ಗಾಗ್ಯಾವ, ನಾ ನೋಡೇನಿ!"

ಇಬ್ಬರೂ ಕೂಗುತ್ತಿದ್ದರು. ಬೇಕೆಂದೇ ಎದುರು ನಿಂತಿದ್ದ ವಾಣಿಶ್ರೀಗೆ ಈಗ ತೂಫಾನಿಯೇ ಗೆಲ್ಲುತ್ತಾನೆ ಅನ್ನುವುದರಲ್ಲಿ ಅನುಮಾನವೇ ಉಳಿದಿರಲಿಲ್ಲ. ನುಗ್ಗೆ ಮರದಿಂದ ಕಾಗೆ ಹಾರಿತು.

೬

ಪಡಸಾಲೆಯಲ್ಲಿ ಕೂತವರಿಗೆ ಮಾತು ಕೇಳಿಸುತ್ತಿರಲಿಲ್ಲ, ದನಿ ಮಾತ್ರ ಕೇಳಿಸುತ್ತಿತ್ತು. ಗುದ್ಲೆಪ್ಪ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟ. ಉಳವಪ್ಪ ಫ್ಯಾನ್ ನೋಡಿದ. ಹೊನ್ನವ್ವ ಅಡುಗೆಮನೆಗೆ ಹೋಗಿ ಗೂಡಿನಲ್ಲಿದ್ದ ಸಕ್ಕರೆಯನ್ನು ಡಬ್ಬಿಗೆ ಸುರಿದು, ತಟ್ಟೆ ತೊಳೆದಿಟ್ಟಳು. ಮುಗಿದ ಸಂಬಂಧದ ಸಕ್ಕರೆಗೆ ಇರುವೆ ಯಾಕೆ ಮುತ್ತಬೇಕು?

ನೀಲಾಂಬಿಕಾ ಹಿತ್ತಲ ಬಾಗಿಲಿಗೆ ಬಂದು ನಿಂತು, ತಮ್ಮನಿಗೆ ಕಣ್ಣು ಬಿಟ್ಟಳು. ಹೂಂ ಅನ್ನು, ಏನಂತಾಳೋ ಅದಕ್ಕೆಲ್ಲ ಹೂಂ ಅನ್ನು ಎಂದು ಆ ಕಣ್ಣು ಹೇಳಿತು. ಪ್ರಶಾಂತನಿಗೂ ತಾನು ಬಂದ ಕೆಲಸ ನೆನಪಾಯಿತು. ಕಾಲರ್ ಸರಿ ಮಾಡಿಕೊಂಡ.

"ಆತ ಬಿಡ್ರಿ," ಎಂದ, ದನಿ ತಗ್ಗಿಸಿ. "ನೀವು ಹೇಳೂದ..."

ವಾಣಿಶ್ರೀ ಮನೆಯ ಕಡೆ ತಿರುಗಿದಳು. ಬಂತು, ಅಂದುಕೊಂಡಳು. ನಿಮ್ಮ ಇಷ್ಟನ ನನ್ನ ಇಷ್ಟ. ಪಾಸ್‌ವರ್ಡು. ರಿಮೋಟು.

(ಎರಡನೇ ಡ್ರಾಫ್ಟಿನಲ್ಲಿ ಪ್ರಶಾಂತ ವಾಕ್ಯ ಮುಗಿಸಿಬಿಟ್ಟಿದ್ದ: "ನೀವು ಹೇಳೂದ ಖರೆ." ಎಲ್ಲರೂ ನಕ್ಕಿದ್ದರು, ಸಕ್ಕರೆ ಹಂಚಿದ್ದರು. ನನಗೆ ಚೆಂದ ಕಂಡಿತ್ತು. ವಾಣಿಶ್ರೀ ಪುಟದಿಂದ ತಲೆಯೆತ್ತಿ, "ಏ ಕತಿ ಬರಿಯಾಂವ, ನಮ್ಮಕ್ಕನ ಕತಿ ಒಮ್ಮೆ ಆಗೇತಿ. ಮತ್ತ ನನ್ನ ಹೆಸರ್ಲೆ ಯಾಕ ಬರ್ಯಾಕತ್ತಿ?" ಅಂದಳು. ಅದನ್ನೂ ಹರಿದೆ.)

"ನೀವು ಹೇಳೂದ..." ಪ್ರಶಾಂತ ಅಕ್ಕನನ್ನು ನೋಡಿದ, ಚರಿಗೆ ನೋಡಿದ. ಚರಿಗೆ ಹೊಳೆಯುತ್ತಿತ್ತು. "ಇಲ್ರೀ. ಸುಳ್ಳ ಹೇಳಾಕ ಆಗವಲ್ದು. ಉಕ್ಕೇಶನ ಗೆಲ್ಲತಾನ."

ನೀಲಾಂಬಿಕಾ ಹಣೆ ಬಡಿದುಕೊಂಡಳು.

ವಾಣಿಶ್ರೀ ಬಚ್ಚಲ ಕಟ್ಟೆಯ ಮೇಲೆ ಕೂತುಬಿಟ್ಟಳು. ಬಸ್ಸಿನಲ್ಲಿ ಊರ ತನಕ ನಿಂತು ಬಂದವರಿಗೆ ಇಳಿದ ಮೇಲೆ ಕಾಲು ಹಗುರಾಗುತ್ತದಲ್ಲ, ಹಾಗೆ. ಎದುರಿಗಿದ್ದವನು ಸೋಲಲಿಲ್ಲ. ಅವಳನ್ನು ಸೋಲಿಸಲೂ ಇಲ್ಲ. ತಪ್ಪಾದ ಹೀರೋನನ್ನು ಹಿಡಿದುಕೊಂಡು ಸುಮ್ಮನೆ ನಿಂತಿದ್ದ, ಕಂಬದ ಹಾಗೆ.

"ನೀವು ಪೂರಾ ತಪ್ಪು," ಎಂದಳು. ಈ ಸಲ ನಗು ನುಂಗಲಿಲ್ಲ.

೭

ಈಗ ಅಂತ್ಯ. ಮೂರು ತಯಾರಿವೆ.

ಅ) ಅವಳು ಸಕ್ಕರೆ ತರುತ್ತಾಳೆ. ಓದುಗರಿಗೆ ಖುಷಿ, ಗುದ್ಲೆಪ್ಪನಿಗೆ ಮೂರನೇ ತಟ್ಟೆ ಉಪ್ಪಿಟ್ಟು.

ಆ) ತರುವುದಿಲ್ಲ. ವಿಮರ್ಶಕರಿಗೆ ಖುಷಿ.

ಇ) ಉಕ್ಕೇಶ ಮತ್ತು ತೂಫಾನಿ ಖುದ್ದು ಹಿತ್ತಲಿಗಿಳಿದು ಹೊಡೆದಾಡುತ್ತಾರೆ. (ಬಚ್ಚಲ ಕಟ್ಟೆ ಮುರಿಯುತ್ತದೆ. ರಿಪೇರಿ ಯಾರು ಮಾಡಿಸಬೇಕು? ಬೇಡ.)

"ಯಾವುದು?" ಎಂದು ವಾಣಿಶ್ರೀಯನ್ನೇ ಕೇಳಿದೆ.

"ಒಬ್ಬ ಮನಷ್ಯಾ ಸುಳ್ಳು ಹೇಳಲಿಲ್ಲ ಅಂತ ಜೀವಕ್ಕ ಸಮಾಧಾನ ಆತು," ಎಂದಳು. "ಅಷ್ಟಕ್ಕ ಮದ್ವಿ ಆಗಬೇಕೇನ? ಸುಮ್ನ ಕುಂದರು. ನಾ ವಿಚಾರ ಮಾಡಾಕತ್ತೇನಿ."

ಕೂತೆ.

ಅವಳು ಅಡುಗೆಮನೆಗೆ ಹೋದಳು. ಗೂಡು ಖಾಲಿ.

"ಅವ್ವ, ಸಕ್ರಿ?"

"ಡಬ್ಬಿಗೆ ಸುರದೆ. ಅಷ್ಟ ಜಗಳ ಆದಮ್ಯಾಲೆ ಇನ್ನ್ಯಾತರ ಸಕ್ರಿ?"

"ಹೂಂ, ಜಗಳ ಆತು," ಎಂದಳು ವಾಣಿಶ್ರೀ, ಹಬ್ಬಕ್ಕೆ ಸೀರೆ ಬಂತು ಅನ್ನುವ ದನಿಯಲ್ಲಿ. ಹೊನ್ನವ್ವ ಮಗಳ ಮುಖವನ್ನೇ ನೋಡುತ್ತ ನಿಂತಳು. ವಾಣಿಶ್ರೀ ಡಬ್ಬಿ ತೆಗೆದು ಒಂದು ಹಿಡಿ ಸಕ್ಕರೆ ತನ್ನ ಬಾಯಿಗೇ ಹಾಕಿಕೊಂಡಳು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಹುಡುಗಿ ತಾನೇ ತಿಂದರೆ ಏನರ್ಥ ಅನ್ನುವುದು ಈ ಮನೆಯ ಪದ್ಧತಿಯಲ್ಲಿ ಇರಲಿಲ್ಲ.

ಪಡಸಾಲೆಯಲ್ಲಿ ಗಂಡಿನ ಕಡೆಯವರು ಎದ್ದಿದ್ದರು. ನೀಲಾಂಬಿಕಾ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಬಾಗಿಲಲ್ಲಿ ಬೂಟು ಕಟ್ಟಿಕೊಳ್ಳುತ್ತಿದ್ದ ಪ್ರಶಾಂತ, ಅಡುಗೆಮನೆಯಿಂದ ಹೊರಬಂದ ವಾಣಿಶ್ರೀಯನ್ನು ಕಂಡು ತಡೆಯಲಾರದೆ ಕೇಳಿಯೇಬಿಟ್ಟ:

"ಅಲ್ರೀ, ತೂಫಾನಿಗೆ ಮಳಿ ತರಾಕ ಬರ್ತೈತಿ ಅಂತ ಯಾ ಪುಸ್ತಕದಾಗ ಐತಿ?"

ವಾಣಿಶ್ರೀಯ ಹತ್ತಿರ ಉತ್ತರವಿತ್ತು. ಬಾಯಿ ತುಂಬ ಸಕ್ಕರೆಯೂ ಇತ್ತು. ತಡೀರಿ, ಎಂದು ಕೈಯೆತ್ತಿದಳು.

ಪ್ರಶಾಂತ ಲೇಸು ಬಿಟ್ಟ. ಉಳವಪ್ಪ ಹೆಂಡತಿಯ ಕಡೆ ನೋಡಿದ, ಅಡುಗೆಮನೆಯ ಬಾಗಿಲಲ್ಲಿದ್ದ ಹೊನ್ನವ್ವ ತೊಳೆದಿಟ್ಟ ತಟ್ಟೆಯ ಕಡೆ ನೋಡಿದಳು. ಗುದ್ಲೆಪ್ಪ ಮತ್ತೆ ಕೂತ.

ನನ್ನ ಕೈಗೆ ಸಿಕ್ಕ ಪ್ರತಿಯಲ್ಲೂ ಕಡೆಯ ಪುಟ ಇಲ್ಲ. ಅವಳು ನುಂಗುವ ತನಕ ಎಲ್ಲರೂ ಕಾಯಬೇಕು. ಕಾಯಲಿ.