ಟ್ಯಾಂಕಿನೊಳಗಿನ ಮರ್ಯಾದೆ

“ನಿನ್ ಬಾಯಿಗೆ ಮಣ್ಣು ಹಾಕ, ಸೂಪರ್‌ವೈಸರ್ ಬೋಳಿಮಗನೇ. ನಿನ್ ಮೀಸೆಗೆ ಹುಳ ಬೀಳ. ನಿಮ್ಮಪ್ಪ ಇಳಿದಿದ್ನೇನೋ ಇದ್ರೊಳಗೆ?”

ಟ್ಯಾಂಕಿನ ತಳದಿಂದ ನನ್ನ ಭಾಮೈದನ ಬೈಗುಳ ಬರುತ್ತಿತ್ತು. ಒಂದೊಂದು ಅಕ್ಷರವೂ ಸ್ಪಷ್ಟ. ಅವನ ಎದೆಗೆ ಕಟ್ಟಿದ ಹಗ್ಗದ ತುದಿ ಹಿಡಿದು ನಾನು ಮೇಲೆ ನೆಮ್ಮದಿಯಾಗಿ ಕೂತಿದ್ದೆ.

ಬಣ್ಣದ ಕಾರ್ಖಾನೆಯಲ್ಲಿ ಟ್ಯಾಂಕು ತೊಳೆಯುವವರ ಕ್ರಮವೇ ಇದು. ತಳದಲ್ಲಿ ಕೊಳೆತ ನೀಲಿ ಕೆಸರು ಒಳಗಿನ ಗಾಳಿಯನ್ನೆಲ್ಲ ತಿಂದುಬಿಟ್ಟಿರುತ್ತದೆ. ಗಾಳಿ ಊದುವ ಯಂತ್ರ ಕೆಟ್ಟು ಎರಡು ವರ್ಷವಾಯಿತು. ಮೂಗಿಗೆ ಏನೂ ತಿಳಿಯುವುದಿಲ್ಲ, ಉಸಿರು ಕಟ್ಟಿದಂತೆಯೂ ಆಗುವುದಿಲ್ಲ. ಮೊದಲು ಕೆಡುವುದು ತಲೆ. ಮೈ ಹಗುರಾಗುತ್ತದೆ, ಸುಮ್ಮಸುಮ್ಮನೆ ನಗು ಬರುತ್ತದೆ, ಲೋಕದವರೆಲ್ಲ ಒಳ್ಳೆಯವರು ಅನ್ನಿಸತೊಡಗುತ್ತದೆ. ಅದಕ್ಕೇ ಒಳಗಿಳಿದವನು ಒಂದೇ ಸಮನೆ ಸೂಪರ್‌ವೈಸರನ್ನು ಬೈಯುತ್ತಿರಬೇಕು. ಬೈಗುಳದಲ್ಲಿ ಖಾರ ಇರುವತನಕ ತಲೆ ನೆಟ್ಟಗಿದೆ ಎಂದರ್ಥ. ಅವನ ಬಗ್ಗೆ ಒಂದು ಒಳ್ಳೆಯ ಮಾತು ಬಂತೋ, ಹಿಂದೆಮುಂದೆ ನೋಡದೆ ಹಗ್ಗ ಎಳೆಯಬೇಕು. ಬೈಗುಳಕ್ಕಂತೂ ನಮ್ಮಲ್ಲಿ ಯಾವತ್ತೂ ಬರಗಾಲ ಬಂದದ್ದಿಲ್ಲ.

ಅಷ್ಟರಲ್ಲಿ ಮೀಸೆಯ ಒಡೆಯನೇ ಓಡಿ ಬಂದ.

“ಯಾವನೋ ಅವ್ನು ಬೊಗಳ್ತಿರೋದು? ಇನ್ಸ್‌ಪೆಕ್ಷನ್ ಸಾಹೇಬ್ರು ಗೇಟ್ ಹತ್ರ ಇಳೀತಿದಾರೆ.”

“ಅವ್ನು ಬೈದ್ರೇನೇ ಸಾರ್, ಚೆನ್ನಾಗಿದಾನೆ ಅಂತ ನಮಗೆ ಗೊತ್ತಾಗೋದು.”

“ಹಾಗಾದ್ರೆ ಮರ್ಯಾದೆಯಿಂದ ಮಾತಾಡ್ಲಿ. ನಮಸ್ಕಾರ ಸಾರ್, ಎಲ್ಲಾ ಅನುಕೂಲ ಇದೆ ಸಾರ್, ಅಂತಿರ್ಲಿ. ನಾಲಿಗೆ ಅಲ್ಲಾಡಿದ್ರೆ ಸಾಕಲ್ವೇನೋ ನಿಂಗೆ? ಇನ್ನೊಂದು ಹೊಲಸು ಮಾತು ಕೇಳಿಸ್ತೋ, ಇಬ್ರೂ ನಾಳೆಯಿಂದ ಮನೇಲಿರಿ.”

ನಾಲಿಗೆ ಅಲ್ಲಾಡಿದರೆ ಸಾಕು ಎಂಬುದು ನನಗೂ ಸರಿಯೆನಿಸಿತು. ಇವತ್ತಿಗೂ ನನ್ನನ್ನು ನಾನು ಬೈದುಕೊಳ್ಳುವುದು ಅದಕ್ಕೇ. ಟ್ಯಾಂಕಿನ ಬಾಯಿಗೆ ಬಗ್ಗಿ ಹೇಳಿದೆ.

“ಅವ್ನಿಗೆ ಮರ್ಯಾದೆ ಕೊಟ್ರೆ ನಂಗೆ ವಾಂತಿ ಬರತ್ತೆ ಭಾವ,” ಎಂದ ಭಾಮೈದ. ಆದರೂ ಶುರುಮಾಡಿದ.

ಬಿಳಿ ಹೆಲ್ಮೆಟ್ ಹಾಕಿಕೊಂಡು, ಫಾರಂ ಹಿಡಿದುಕೊಂಡು ಸಾಹೇಬರು ಬಂದರು. ಟ್ಯಾಂಕಿನಿಂದ ನಮಸ್ಕಾರ ಕೇಳಿ ಅವರಿಗೆ ಖುಷಿಯಾಯಿತು. ಬಗ್ಗಿ ನೋಡಲಿಲ್ಲ, ಪ್ಯಾಂಟು ಕೊಳೆಯಾಗುತ್ತಿತ್ತು.

“ಎಲ್ಲಾ ಅನುಕೂಲ ಇದೆ ಸಾರ್. ನಮ್ ಸೂಪರ್‌ವೈಸರು ದೇವರಂಥೋರು ಸಾರ್.”

ನಾನು ಹೇಳಿಕೊಟ್ಟದ್ದಕ್ಕಿಂತ ಒಂದು ಮಾತು ಹೆಚ್ಚು. ಪರವಾಗಿಲ್ಲವೇ, ನಾಟಕ ಕಲಿತಿದ್ದಾನೆ ಎಂದುಕೊಂಡೆ. ಸೂಪರ್‌ವೈಸರ್ ಮೀಸೆ ನೀವಿಕೊಂಡ.

“ತಾಯಿ ಸಾರ್ ಅವ್ರು. ನಮ್ ತಾಯಿ.” ಆಮೇಲೆ ಒಂದು ನಗು.

“ಇಷ್ಟು ಸಂತೋಷವಾಗಿ ಕೆಲಸ ಮಾಡೋರನ್ನ ನಾನೆಲ್ಲೂ ನೋಡಿಲ್ಲ ಕಣ್ರೀ,” ಎಂದು ಸಾಹೇಬರು ಏನೋ ಬರೆದುಕೊಂಡು ಆಫೀಸಿನ ಕಡೆ ನಡೆದರು. ಒಳಗಿನ ‘ತಾಯಿ’ ಬರಬರುತ್ತ ‘ತಾ’ ಆಯಿತು. ಕೆಸರಿಗೆ ಏನೋ ದೊಪ್ಪನೆ ಬಿದ್ದ ಸದ್ದಾಯಿತು.

ಪಕ್ಕದಲ್ಲಿ ಡ್ರಮ್ಮು ತೊಳೆಯುತ್ತಿದ್ದ ನನ್ನ ಹೆಂಡತಿ ಓಡಿ ಬಂದು ಹಗ್ಗಕ್ಕೆ ಕೈ ಹಾಕಿದಳು. ಅವಳ ಒಡಹುಟ್ಟಿದವನು. ಇಬ್ಬರೂ ಸೇರಿ ಎಳೆದು ಹಾಕಿದೆವು. ಅವನ ತುಟಿಯ ಒಳಗೆಲ್ಲ ನೀಲಿಯಾಗಿತ್ತು. ಅಲ್ಲಿಗೆ ಬಣ್ಣ ಹೋಗುವುದಿಲ್ಲ.

ಸೂಪರ್‌ವೈಸರ್ ಬೂಟಿನ ತುದಿಯಿಂದ ಅವನನ್ನು ತಿವಿದ. “ಕುಡ್ಕೊಂಡು ಬಂದಿದಾನೆ ನನ್ಮಗ. ನಗ್ತಿದ್ದದ್ದು ಕೇಳ್ಲಿಲ್ವಾ?”

ಕಾರ್ಖಾನೆಯ ದವಾಖಾನೆಗೆ ಹೊತ್ತೊಯ್ದೆವು. ಕಾಂಪೌಂಡರ್ ಅವನ ಬೆರಳಿಗೆ ರಕ್ತದ ಆಕ್ಸಿಜನ್ ಅಳೆಯುವ ಕ್ಲಿಪ್ಪು ಸಿಕ್ಕಿಸಿದ. ಬಣ್ಣ ಹಿಡಿದ ನೀಲಿ ಉಗುರು ನೋಡಿ ಯಂತ್ರವೂ ತಬ್ಬಿಬ್ಬಾಗಿ ಬರೀ ಗೆರೆ ತೋರಿಸಿತು.

“ಕೈ ತೊಳ್ಸಿ ಕರ್ಕೊಂಡು ಬನ್ನಿ. ನಂಬರ್ ಬರ್ದೇ ಇದ್ರೆ ಆಕ್ಸಿಜನ್ ಕೊಡೋ ಹಾಗಿಲ್ಲ.”

ಹೆಂಡತಿ ತನ್ನೆರಡು ನೀಲಿ ಕೈಗಳನ್ನೂ ಕಾಂಪೌಂಡರನ ಮುಖದ ಮುಂದೆ ಹಿಡಿದಳು. “ಹದಿನಾರು ವರ್ಷದಿಂದ ತೊಳೀತಾನೇ ಇದೀನಿ ಸ್ವಾಮಿ. ಹೋಗಿದ್ಯಾ ನೋಡಿ.”

ಮೂಲೆಯಲ್ಲಿ ಸಿಲಿಂಡರ್ ಇತ್ತು. ಒರೆಸಿ, ಮೇಲಿನ ತಿರುಪಿಗೆ ತಂತಿ ಬಿಗಿದು, ಅರಗಿನ ಮುದ್ರೆ ಒತ್ತಿ ಇಟ್ಟಿದ್ದರು.

“ಅದನ್ನ ಮಾತ್ರ ಮುಟ್ಬೇಡಿ,” ಎಂದ ಕಾಂಪೌಂಡರ್. “ಸಾಹೇಬ್ರು ಬಂದಾಗ ಮೀಟರಿನ ಮುಳ್ಳು ಪೂರ್ತಿ ತೋರಿಸ್ಬೇಕು. ಅವರು ನೋಡ್ಕೊಂಡು ಹೋಗ್ಲಿ, ಆಮೇಲೆ ಕೊಡೋಣ.”

ಬಾಗಿಲಲ್ಲಿ ನಿಂತ ಸೂಪರ್‌ವೈಸರ್, “ಅರ್ಧ ಗಂಟೆ ತಡ್ಕೊಳಮ್ಮ. ಅಮಲು ಇಳಿದ್ರೆ ತಾನೇ ಎದ್ದು ಕೂರ್ತಾನೆ,” ಎಂದ.

ಅವಳು ತಡೆದುಕೊಳ್ಳಲಿಲ್ಲ. ಕಾಂಪೌಂಡರನನ್ನು ಪಕ್ಕಕ್ಕೆ ನೂಕಿ, ಟ್ರೇಯಲ್ಲಿದ್ದ ಕತ್ತರಿಯಿಂದ ತಂತಿ ಕತ್ತರಿಸಿ, ಗೋಡೆಯ ಮೊಳೆಯಲ್ಲಿದ್ದ ಕೀಲಿಯಿಂದ ತಿರುಪನ್ನು ತಿರುಗಿಸಿಯೇಬಿಟ್ಟಳು. ಮಾಸ್ಕನ್ನು ತಮ್ಮನ ಮೂಗಿಗೆ ಒತ್ತಿ ಹಿಡಿದು ನೆಲದ ಮೇಲೆ ಕೂತಳು. ಬುಸ್ಸೆಂದು ಗಾಳಿ ಬಂತು. ನನಗೆ ಭಯವೂ ಆಯಿತು, ಹೆಮ್ಮೆಯೂ ಆಯಿತು.

ಸಾಹೇಬರು ಒಳಗೆ ಬಂದರು. “ಯಾರಿದು?”

“ಆಗ್ಲೇ ನಿಮಗೆ ನಮಸ್ಕಾರ ಹೇಳ್ದೋನು ಸಾರ್,” ಎಂದೆ.

ಅವರು ಅವನ ಮುಖ ನೋಡಿದರು, ಮುಳ್ಳು ನೋಡಿದರು, ಕೊನೆಗೆ ಫಾರಂ ನೋಡಿದರು. “ಇನ್ನೂ ಮುಕ್ಕಾಲು ಇದೆಯಲ್ಲ. ಈಗ್ಲೇ ಮುಚ್ಚಿಬಿಡಿ, ತುಂಬಿದೆ ಅಂತ್ಲೇ ಬರ್ಕೋತೀನಿ. ಇವನನ್ನ ದೊಡ್ಡಾಸ್ಪತ್ರೆಗೆ ಕಳಿಸಿ.” ದೊಡ್ಡಾಸ್ಪತ್ರೆಗೆ ಒಂದು ಗಂಟೆಯ ದಾರಿ.

ಸೂಪರ್‌ವೈಸರ್ ಸಿಲಿಂಡರಿನ ಕಡೆ ಹೆಜ್ಜೆ ಇಟ್ಟ. ನನ್ನ ಹೆಂಡತಿ ಕೀಲಿಯನ್ನು ಕಿತ್ತು ರವಿಕೆಯೊಳಗೆ ಹಾಕಿಕೊಂಡಳು.

“ಬಾರಯ್ಯ, ತಗೋ. ಸಾಹೇಬ್ರು ಅದನ್ನೂ ಬರ್ಕೊಳ್ಳಿ.”

ಸೂಪರ್‌ವೈಸರ್ ಹಿಂದೆ ಸರಿದ. ಸಾಹೇಬರ ಪೆನ್ನು ಫಾರಂ ಮೇಲೆಯೇ ನಿಂತಿತ್ತು.

“ಖಾಲಿ ಅಂತ ಬರೀರಿ ಸಾರ್,” ಎಂದಳು. “ಇವ್ನು ಕಣ್ಣು ಬಿಡೋವರ್ಗೂ ನಾನಿದನ್ನ ಮುಚ್ಚೋಳಲ್ಲ.”

ಮುಳ್ಳು ಅರ್ಧಕ್ಕೆ ಇಳಿದಿತ್ತು. ಅವನು ಇನ್ನೂ ಕಣ್ಣು ಬಿಟ್ಟಿರಲಿಲ್ಲ.