ಭಾನುವಾರ ಅಂದಿದ್ದರೆ

ಮಳೆಗಾಲ ಇನ್ನೂ ಶುರುವಾಗಿರಲಿಲ್ಲ. ಓಟಗಾರರ ಊರಾದ ಇಟೆನ್‌ನ ಕೆಂಪು ದಾರಿಯಲ್ಲಿ ಬೆಳಗಿನ ಮಂಜು ಕರಗುವ ಹೊತ್ತಿಗೆ, ಜೆಬಿವೋಟ್ ಏರು ಓಡುತ್ತಾ ಎದೆ ಹಿಡಿದುಕೊಂಡು ಬಿದ್ದಳು. ಜೊತೆಯ ಹುಡುಗಿಯರು ಮನೆಗೆ ಹೊತ್ತು ತಂದರು. ಸ್ವಲ್ಪ ಹೊತ್ತಿಗೆ ಎದ್ದು ಕೂತು ಚಹಾ ಕುಡಿದಳು, ನಕ್ಕಳು. ಅಪ್ಪ ಸಿತಿಯೆನೈಗೆ ಮಾತ್ರ ನಗು ಬರಲಿಲ್ಲ. ಹಾಲು ಕರೆಯುವುದನ್ನು ಅರ್ಧಕ್ಕೇ ಬಿಟ್ಟು ಮಗಳನ್ನು ಎಲ್ಡೊರೆಟ್‌ನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ.

ಗುಂಡಿಗೆಯ ಬಡಿತ ನಿಧಾನವಾದರೇ ಸ್ಕ್ಯಾನಿನ ಚಿತ್ರ ಕದಡದೆ ಬರುವುದಂತೆ. ಅದಕ್ಕೆಂದು ಮಾತ್ರೆ ತೆಗೆದಿದ್ದ ಸ್ಕ್ಯಾನಿನವನು ಇವಳ ನಾಡಿ ನೋಡಿ ಮಾತ್ರೆಯನ್ನು ಮತ್ತೆ ಒಳಗಿಟ್ಟ.

"ಏನಮ್ಮಾ, ನಿನ್ ಗುಂಡಿಗೆ ನಿದ್ದೆ ಹೊಡೀತಿದ್ಯಾ?"

"ಕಾಲು ದುಡಿಯತ್ತಲ್ಲಣ್ಣ, ಅದು ಮಲಗಿರತ್ತೆ," ಎಂದಳು.

ಡಾಕ್ಟರ್ ಮುಥೋನಿ ನೈರೋಬಿ ಕಡೆಯಿಂದ ಹೊಸದಾಗಿ ಬಂದಿದ್ದವರು. ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಗುಂಡಿಗೆಗೇ ರಕ್ತ ಉಣಿಸುವ ಒಂದು ನಾಳ ತನ್ನ ಜಾಗ ಬಿಟ್ಟು ಆಚೆ ಬದಿಯಲ್ಲಿ ಹುಟ್ಟಿ, ಎರಡು ದಪ್ಪ ನಾಳಗಳ ನಡುವೆ ನುಸುಳಿ ಬಂದಿತ್ತು. ಓಡುವಾಗ ಅವು ಉಬ್ಬಿ ಇದನ್ನು ಹಿಸುಕುತ್ತವೆ. ಬಲು ಅಪರೂಪದ್ದು, ಆದರೆ ಕೊಯ್ದು ಸರಿಮಾಡಬಹುದು, ಈಸ್ಟರ್ ಕಳೆಯಲಿ ಎಂದರು. ಸಿತಿಯೆನೈ ಕಣ್ಣಿಗೆ ಕಂಡದ್ದು ಎರಡು ಎತ್ತುಗಳ ನಡುವೆ ಸಿಕ್ಕಿಕೊಂಡ ಕರು.

"ಅಲ್ಲೀವರೆಗೆ ವಿಶ್ರಾಂತಿ, ಮಗಳೇ. ಬರೀ ವಿಶ್ರಾಂತಿ," ಎಂದರು ಡಾಕ್ಟರ್.

ಅಪ್ಪ, ಮಗಳು ಇಬ್ಬರೂ ತಲೆಯಾಡಿಸಿದರು.

ಆ ಊರಿನ ಓಟಗಾರರಿಗೆ ಏರು ಹತ್ತುವ ದಿನ ಒಂದು, ಗಡಿಯಾರ ಹಿಡಿದು ಓಡುವ ದಿನ ಒಂದು, ವಿಶ್ರಾಂತಿಯ ದಿನ ಒಂದು. ವಿಶ್ರಾಂತಿಯೆಂದರೆ ಹರಟೆ ಹೊಡೆಯುತ್ತಾ ಕಾಡಿನಂಚಿನವರೆಗೆ ಮೆಲ್ಲಗೆ ಓಡಿ ಬರುವುದು. ಅದನ್ನು ಯಾರೂ ಓಟವೆಂದು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಕಾಲೇ ಎತ್ತದ ದಿನಕ್ಕೆ ಭಾನುವಾರ ಎನ್ನುತ್ತಿದ್ದರು.

ಮರುದಿನ ಅವಳು ಬೂಟು ಕಟ್ಟುತ್ತಿದ್ದಾಗ ಎಲ್ಲಿಗೆಂದು ಅಪ್ಪ ಕೇಳಿದ.

"ವಿಶ್ರಾಂತಿಗೆ, ಅಪ್ಪಾ. ಡಾಕ್ಟರಮ್ಮ ಹೇಳ್ಲಿಲ್ವಾ?"

"ಮೆಲ್ಲಗೆ ಹೋಗವ್ವ," ಎಂದು ತಾನೇ ಬೇಲಿಯ ಗೇಟು ತೆಗೆದು ಹಿಡಿದ.

ಕಾಡಿನಂಚಿನಲ್ಲಿ, ಆಮೆ ನಡಿಗೆ ಎಂದು ಗೆಳತಿಯರು ಛೇಡಿಸುತ್ತಿದ್ದಾಗಲೇ ಅವಳು ಬಿದ್ದಳು. ಈ ಸಲ ಏಳಲಿಲ್ಲ.

ಮಣ್ಣಿಗೆ ಬಂದ ಡಾಕ್ಟರ್ ಮುಥೋನಿ ಸಿತಿಯೆನೈ ಪಕ್ಕದಲ್ಲಿ ಕೂತು, ನಾನು ಹೇಳಿದ್ದೆನಲ್ಲ ಎಂದು ಅತ್ತರು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಹೇಳಿದ್ರಿ, ತಾಯಿ. ಭಾನುವಾರ ಅಂದಿದ್ರೆ ನಮಗೆ ತಿಳೀತಿತ್ತು."

ಜೆಬಿವೋಟ್ ಹೋದದ್ದು ಗುರುವಾರ. ಅವತ್ತು ಸಂಜೆ ಮೊದಲ ಮಳೆ ಬಿತ್ತು.