ಸಂಜೆಯ ಬೆಲ್

ಸಭಾಂಗಣ ಗೊಳ್ಳೆಂದು ನಕ್ಕಿತು. ವೇದಿಕೆಯ ಮೇಲೆ ಯಾಕಕ್ಕ ಆಗಷ್ಟೇ ಒಬ್ಬ ಅಜ್ಜಿಯ ನಟನೆ ಮಾಡಿ ತೋರಿಸಿದ್ದಳು: ಬೆಲ್ ಕೇಳಿದ ಕೂಡಲೇ ಕನ್ನಡಕ ತೆಗೆದಿಟ್ಟು, ಎರಡೂ ಅಂಗೈಯಿಂದ ತಲೆಗೂದಲು ನೇವರಿಸಿಕೊಂಡು, ಲಗುಬಗೆಯಿಂದ ಬಾಗಿಲು ತೆಗೆದು, ಹೊರಗೆ ಯಾರೂ ಇಲ್ಲದಿದ್ದರೂ ಮುಗುಳ್ನಗುವ ಅಜ್ಜಿ. ಇಂಥ ನಟನೆಯಲ್ಲಿ ಅವಳದು ಎತ್ತಿದ ಕೈ. ನಗು ಇಳಿಯಲೆಂದು ಕಾಯುತ್ತ ಎದುರಿನ ಸಾಲುಗಳ ಮೇಲೆ ಕಣ್ಣಾಡಿಸಿದಾಗ, ಎರಡನೆಯ ಸಾಲಿನ ಕೊನೆಯಲ್ಲಿ ಕೂತಿದ್ದ ಅಮ್ಮ ಕಂಡಳು. ಕೂದಲು ಸರಿಮಾಡಿಕೊಳ್ಳಲು ಮೇಲೆದ್ದಿದ್ದ ಅವಳ ಕೈ ಅರ್ಧಕ್ಕೇ ನಿಂತು, ಮೆಲ್ಲಗೆ ಮಡಿಲಿಗಿಳಿಯಿತು.

ಅಮ್ಮನನ್ನು ಇಲ್ಲಿಗೆ ಕರೆತಂದವಳೇ ಯಾಕಕ್ಕ. ಇತ್ತೀಚೆಗೆ ಮನೆಯಿಂದಾಚೆ ಕಾಲಿಡದೆ ಮಂಕಾಗಿದ್ದವಳನ್ನು, "ಬಾರಮ್ಮ, ನಾನು ದಿನಾ ಏನು ಒದರ್ತೀನಿ ಅಂತ ಒಂದು ಸಲ ನೋಡು" ಎಂದು ದುಂಬಾಲು ಬಿದ್ದು ಹೊರಡಿಸಿದ್ದಳು. ಬೆಲ್ಲಿನ ಕಥೆಯನ್ನು ಶಾಲೆ ಶಾಲೆಗಳಲ್ಲಿ ಹೇಳಿ ಹೇಳಿ ನಾಲಿಗೆಗೆ ಅದು ಎಷ್ಟು ರೂಢಿಯಾಗಿತ್ತೆಂದರೆ, ಕೇಳುವವರ ನಡುವೆ ಅಮ್ಮ ಇದ್ದಾಳೆಂದು ನೆನಪಾಗುವಷ್ಟರಲ್ಲಿ ಅಜ್ಜಿ ಬಾಗಿಲು ತೆಗೆದಾಗಿತ್ತು. ಇನ್ನು ನಡುವೆ ನಿಲ್ಲಿಸುವ ಹಾಗೂ ಇಲ್ಲ. "ನೋಡಿ, ಬೆಲ್ ಹಗಲೆಲ್ಲ ಆಗಾಗ ಬಡ್ಕೊಳ್ತಾ ಇತ್ತು. ಅದು ಯಾವುದೂ ಅಜ್ಜಿಗೆ ಲೆಕ್ಕಕ್ಕಿಲ್ಲ. ಸಂಜೆ ಬಡಿದದ್ದು ಮಾತ್ರ ಲೆಕ್ಕಕ್ಕೆ. ನಾವೆಲ್ಲರೂ ಹೀಗೇ, ನಮಗೆ ಬೇಕಾದ್ದನ್ನ ಮಾತ್ರ ಎಣಿಸ್ತೀವಿ" ಎಂದು ಮುಗಿಸಿದಳು. ಜೋರು ಚಪ್ಪಾಳೆ ಬಿತ್ತು. ಅಮ್ಮನೂ ತಟ್ಟಿದಳು, ಅಕ್ಕಪಕ್ಕದವರು ನಿಲ್ಲಿಸುವವರೆಗೂ.

ಯಾಕಕ್ಕ ಎಂಬ ಹೆಸರು ಅವಳು ಕೆಲಸ ಮಾಡುವ ವಿಜ್ಞಾನ ಕೇಂದ್ರಕ್ಕೆ ಬರುವ ಮಕ್ಕಳು ಇಟ್ಟದ್ದು. ಯಾರು ಏನು ತೋರಿಸಿದರೂ, ಏನು ಹೇಳಿದರೂ ಅವಳ ಬಾಯಿಂದ ಮೊದಲು ಬರುವ ಮಾತು "ಯಾಕೆ?" ಕೈಯಿಂದ ತಿರುಗಿಸಿ ದೀಪ ಹೊತ್ತಿಸುವ ಯಂತ್ರದ ಪಕ್ಕ ನಿಂತು ಅವಳು ವರ್ಷಗಳಿಂದ ಹೇಳುತ್ತ ಬಂದದ್ದು ಒಂದೇ: ಫೋನು ಉತ್ತರವನ್ನೇನೋ ಕೊಡುತ್ತದೆ, ಪ್ರಶ್ನೆಯನ್ನು ಮಾತ್ರ ನೀವೇ ತರಬೇಕು. ಆ ಮಾತಿನ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು.

ಮನೆಯ ಬೆಲ್ ಅಪ್ಪ ತಂದದ್ದು. ಹೊಲಿಗೆ ಯಂತ್ರದ ಸದ್ದಿನಲ್ಲಿ ಅಮ್ಮನಿಗೆ ಬಾಗಿಲು ಬಡಿದದ್ದು ಕೇಳಿಸುವುದಿಲ್ಲವೆಂದು, ಮುದ್ರಣಾಲಯದಿಂದ ಬರುವ ದಾರಿಯಲ್ಲಿ ಒಂದು ಅಗ್ಗದ, ವೈರಿಲ್ಲದ ಬೆಲ್ ಕೊಂಡು ತಂದಿದ್ದ. ಗುಂಡಿ ಒತ್ತಿದರೆ ಹಕ್ಕಿ ಕೂಗುತ್ತಿತ್ತು. ಯಾವ ಹಕ್ಕಿಯೆಂದು ದೇವರೇ ಬಲ್ಲ; ಅಪ್ಪ ಅದನ್ನು ನೆಗಡಿಯಾದ ಗಿಳಿ ಎನ್ನುತ್ತಿದ್ದ. ಪ್ರತಿ ಸಂಜೆ ಆ ಗಿಳಿ ಕೂಗಿದಾಗ ಅಮ್ಮ ಕೂದಲು ಸರಿಮಾಡಿಕೊಂಡು ಬಾಗಿಲು ತೆಗೆಯುತ್ತಿದ್ದಳು. ಅಪ್ಪ ಶಾಯಿ ಅಂಟಿದ ಕೈಯನ್ನು ಗೋಡೆಗೆ ತಾಗಿಸದೆ ಒಳಗೆ ಬರುತ್ತಿದ್ದ.

ಅಪ್ಪ ತೀರಿಕೊಂಡು ಕೆಲವು ತಿಂಗಳ ಮೇಲೆ ಬೆಲ್ ತಾನಾಗಿ ಕೂಗತೊಡಗಿತು. ಹಗಲಲ್ಲಿ ಕೂಗಿದರೆ ಅಮ್ಮ "ಯಾವ ಹುಡುಗರೋ ಏನೋ" ಎಂದು ಸುಮ್ಮನಾಗುವಳು. ಸಂಜೆ ಕೂಗಿದರೆ ಮಾತ್ರ ಎದ್ದು ಹೋಗುವಳು. ಬಾಗಿಲು ತೆಗೆದು ತುಸು ಹೊತ್ತು ನಿಂತು, "ಯಾರೂ ಇಲ್ಲ ಕಣೇ" ಎಂದು ಮರಳಿ ಬಂದು, ದೀಪ ಹಾಕಿ, ಟೀಗೆ ನೀರಿಟ್ಟು, ರಾತ್ರಿ ಏನು ಅಡಿಗೆಯೆಂದು ವಿಚಾರಿಸುವಳು. ಮಗಳಿಗೆ ತಲೆ ಕೆಟ್ಟುಹೋಯಿತು. ವಿಜ್ಞಾನ ಹೇಳುವವಳ ಮನೆಯಲ್ಲೇ ಹೀಗಾದರೆ ಹೇಗೆ? ಒಂದು ಸಂಜೆ ಮೆಟ್ಟಿಲ ಮೇಲೆ ಹೊಂಚು ಹಾಕಿ ಕೂತಳು. ಕೆಳಗಿನ ಮನೆಗೆ ಹೊಸದಾಗಿ ಬಂದಿದ್ದ ಔಷಧಿ ಅಂಗಡಿಯವನು ಕೆಲಸ ಮುಗಿಸಿ ಬಂದು ತನ್ನ ಬಾಗಿಲಿನ ಗುಂಡಿ ಒತ್ತಿದ. ಮೇಲೆ ತಮ್ಮ ಮನೆಯಲ್ಲೂ ಗಿಳಿ ಕೂಗಿತು. ಅವನದೂ ಅದೇ ಬಗೆಯ ಬೆಲ್, ಎರಡಕ್ಕೂ ಒಂದೇ ಸಂಕೇತ. ಅವಳು ಚಿಕ್ಕ ಹುಡುಗಿಯಂತೆ ಮೆಟ್ಟಿಲು ಹಾರಿ ಬಂದಳು. "ಅಮ್ಮಾ, ಸಿಕ್ತು!"

ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು "ಹೌದಾ?" ಎಂದಳು. ಆಮೇಲೆ, "ಸರಿ, ಹಾಗಾದ್ರೆ ರಿಪೇರಿ ಮಾಡಿಬಿಡು" ಎಂದಳು. ಬೆಲ್ಲಿನ ಹೊಟ್ಟೆಯಲ್ಲಿದ್ದ ಸಂಕೇತ ಬದಲಿಸುವ ಪುಟ್ಟ ಸ್ವಿಚ್ಚೊಂದನ್ನು ಇತ್ತಿಂದತ್ತ ಸರಿಸಿ, ಹೊರಗಿನ ಗುಂಡಿಯಲ್ಲೂ ಹಾಗೇ ಮಾಡಿದರೆ ಆಯಿತು. ಅಂದಿನಿಂದ ಗಿಳಿ ಬಾಯಿ ಮುಚ್ಚಿತು.

ಅಮ್ಮ ಮಂಕಾದದ್ದು ಆಮೇಲೆ. ಮಗಳು ಮನೆಗೆ ಬಂದರೆ ಕೋಣೆಗಳೆಲ್ಲ ಕತ್ತಲು, ಹೊಲಿಗೆ ಯಂತ್ರಕ್ಕೆ ಹೊದಿಕೆ, ಅಮ್ಮ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿರುವಳು. ವಿಟಮಿನ್ ಕಡಿಮೆಯಾಗಿರಬೇಕೆಂದು ಯಾಕಕ್ಕ ರಕ್ತ ಪರೀಕ್ಷೆ ಮಾಡಿಸಿದಳು. ವಿಟಮಿನ್ ಇರಬೇಕಾದಷ್ಟೂ ಇತ್ತು.

ಸಭಾಂಗಣದಿಂದ ಮನೆಗೆ ಬಂದು ಚಪ್ಪಲಿ ಬಿಡುವಾಗ ಮಗಳು ಹೇಗೋ ಬಾಯಿ ತೆರೆದಳು.

"ಅಮ್ಮಾ, ಅದು ಸುಮ್ನೆ ಒಂದು ಉದಾಹರಣೆ..."

"ಚೆನ್ನಾಗಿ ಹೇಳಿದೆ ಕಣೇ. ಜನ ಎಷ್ಟು ನಕ್ಕರು."

"ನಿನ್ನ ಹೆಸರು ಹೇಳಲಿಲ್ಲವಲ್ಲ."

"ಹೇಳಿದ್ರೂ ಏನಂತೆ? ಕದ್ದಿದ್ದೀನಾ ನಾನು?" ಅಮ್ಮ ಕುರ್ಚಿಯಲ್ಲಿ ಕೂತು ಕಾಲು ನೀವಿಕೊಂಡಳು. "ಒಂದು ಮಾತು ಕೇಳ್ತೀನಿ. ಅಪ್ಪ ಬಂದು ಬೆಲ್ ಮಾಡ್ತಾರೆ ಅಂತ ನಾನು ಯಾವತ್ತಾದ್ರೂ ಹೇಳಿದ್ನಾ?"

ಮಗಳು ನೆನಪು ಕೆದಕಿದಳು. ಒಮ್ಮೆಯೂ ಇಲ್ಲ.

"ಹೋದವರು ಬರಲ್ಲ ಅಂತ ತಿಳಿಯೋಕೆ ನಾನೇನು ಕಾಲೇಜಿಗೆ ಹೋಗಬೇಕಾ? ಆಸ್ಪತ್ರೇಲಿ ಅವರ ಕೈ ಹಿಡ್ಕೊಂಡಿದ್ದವಳು ನಾನು. ಆ ಹೊತ್ತಿಗೆ ಎದ್ದು ಬಾಗಿಲು ತೆಗೆದು ನನಗೆ ಅಭ್ಯಾಸ ಕಣೇ. ಬೆಲ್ ಆದ್ರೆ ಏಳೋಕೆ ಒಂದು ನೆಪ. ಬಾಗಿಲು ತೆಗೆದು, ಹಾಕಿ, ಒಳಗೆ ಬಂದ್ರೆ, ಸರಿ, ಇನ್ನು ಸಂಜೆ ಕೆಲಸ ನೋಡೋಣ ಅನ್ನಿಸೋದು. ಅಷ್ಟೇ."

"ಮೊದಲೇ ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲ. ಊರವರನ್ನೆಲ್ಲ ಯಾಕೆ ಯಾಕೆ ಅಂತ ಜೀವ ತಿಂತೀಯ. ಯಾಕಮ್ಮಾ ಎದ್ದು ಹೋಗ್ತೀಯಾ ಅಂತ ನನ್ನ ಒಂದು ದಿನ ಕೇಳಿದ್ಯಾ?"

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಯಾಕಕ್ಕನಿಗೆ ಜವಾಬು ಕೊಡುವುದು ಸುಲಭವಿತ್ತು. ತಾನು ಕಂಡುಹಿಡಿದದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅದೇ ಅವಳನ್ನು ಹೆಚ್ಚು ಚುಚ್ಚಿತು. ಅಮ್ಮ ಬಟ್ಟೆ ಬದಲಿಸಲು ಒಳಗೆ ಹೋದಳು.

ಮರುದಿನ ಮಗಳು ಕೆಲಸದಿಂದ ಬೇಗ ಬಂದಳು. ಅಮ್ಮ ಸ್ನಾನಕ್ಕೆ ಹೋಗಿದ್ದಳು. ಯಾಕಕ್ಕ ಬೆಲ್ ಬಿಚ್ಚಿ, ಆ ಪುಟ್ಟ ಸ್ವಿಚ್ಚನ್ನು ಉಗುರಿನಿಂದ ಹಳೆಯ ಕಡೆಗೆ ತಳ್ಳಿ, ಹೊರಗಿನ ಗುಂಡಿಯನ್ನೂ ಸರಿಮಾಡಿ ಏನೂ ಅರಿಯದವಳಂತೆ ಪುಸ್ತಕ ಹಿಡಿದು ಕೂತಳು. ಒಂದು ಸಾಲೂ ತಲೆಗೆ ಹೋಗಲಿಲ್ಲ. ಅಮ್ಮ ಬಂದು ಪಕ್ಕದ ಬೀದಿಯವರ ಅಂಗಿಯೊಂದನ್ನು ತೆಗೆದುಕೊಂಡು ಗುಂಡಿ ಹೊಲಿಯಲು ಕೂತಳು. ಹೊರಗೆ ಬೆಳಕು ಕಡಿಮೆಯಾಯಿತು.

ಗಿಳಿ ಕೂಗಿತು.

ಯಾಕಕ್ಕ ಅಮ್ಮನ ಕೈಗಳನ್ನೇ ನೋಡಿದಳು. ಏಳಮ್ಮ, ಏಳು ಎಂದು ಒಳಗೊಳಗೇ ಬೇಡಿಕೊಂಡಳು. ಸೂಜಿ ಒಂದು ಕ್ಷಣ ಬಟ್ಟೆಯಲ್ಲೇ ನಿಂತು ಮತ್ತೆ ಹೊರಬಂತು.

"ಔಷಧಿ ಅಂಗಡಿಯವರು ಬಂದ್ರು" ಎಂದಳು ಅಮ್ಮ, ತಲೆಯೆತ್ತದೆ. ದಾರವನ್ನು ಹಲ್ಲಿನಿಂದ ಕಡಿದಳು. "ಮತ್ತೆ ಕೆಡಿಸಿದ್ಯಾ ಅದನ್ನ?"

"ಹೂಂ."

"ಮಾಡೋಕೆ ಬೇರೆ ಕೆಲಸ ಇಲ್ಲ ನಿನಗೆ."

ಗಿಳಿ ಇನ್ನೊಮ್ಮೆ ಕೂಗಿತು. ಕೆಳಗೆ ಅವನ ಹೆಂಡತಿ ಒಳಗೆಲ್ಲೋ ಕೆಲಸದಲ್ಲಿದ್ದಿರಬೇಕು. ಅಮ್ಮ ಇನ್ನೊಂದು ಗುಂಡಿ ಆರಿಸಿಕೊಂಡು ಬೆಳಕಿನ ಕಡೆ ಹಿಡಿದು ನೋಡಿದಳು. ಯಾಕಕ್ಕನಿಗೆ ಕೂತಿರಲಾಗಲಿಲ್ಲ. ತಾನೇ ಎದ್ದು ಹೋಗಿ ಚಿಲಕ ತೆಗೆದಳು. ಹೊರಗೆ ಖಾಲಿ ಮೆಟ್ಟಿಲು. ಕೆಳಗೆ ಬಾಗಿಲು ತೆರೆದ ಸದ್ದು, ಒಬ್ಬ ಹೆಂಗಸಿನ ನಗು, ಏನೋ ಕೇಳಿದ್ದು, ಅವನು ಏನೋ ಅಂದದ್ದು.

"ಬಾಗಿಲು ಹಾಕೇ" ಎಂದಳು ಅಮ್ಮ ಒಳಗಿನಿಂದ. "ಸೊಳ್ಳೆ ಬರ್ತವೆ."

"ಹಾಕ್ತೀನಮ್ಮ" ಎಂದಳು ಅವಳು. ಕೆಳಗಿನ ಬಾಗಿಲು ಮುಚ್ಚಿತು. ಅವಳು ಚಿಲಕದ ಮೇಲೆ ಕೈಯಿಟ್ಟುಕೊಂಡು ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು.